ವಿಷ್ಣುವರ್ಧನ ಮತ್ತು ಕರ್ನಾಟಕದಲ್ಲಿ ಶ್ರೀವೈಷ್ಣವ ಧರ್ಮದ ಬೆಳವಣಿಗೆ

ಹೊಯ್ಸಳ ದೊರೆ ವಿಷ್ಣುವರ್ಧನನು (ಆಳ್ವಿಕೆ ಸುಮಾರು ಕ್ರಿ.ಶ. 1108–1152) ಜೈನ ಧರ್ಮವನ್ನು ಬಿಟ್ಟು, ರಾಮಾನುಜಾಚಾರ್ಯರ ಶಿಷ್ಯನಾಗಿ ಶ್ರೀವೈಷ್ಣವ ಮತವನ್ನು ಸ್ವೀಕರಿಸಿದನೆಂಬುದು ಕರ್ನಾಟಕದಲ್ಲಿ ಬಹುಕಾಲದಿಂದ ಪ್ರಚಲಿತವಾಗಿರುವ ನಂಬಿಕೆ. ಈ ಮತಾಂತರದಿಂದಲೇ ಕನ್ನಡ ನಾಡಿನಲ್ಲಿ ಶ್ರೀವೈಷ್ಣವ ಧರ್ಮ ನೆಲೆಯೂರಿತೆಂದು ಗುರುಪರಂಪರೆಯ ಗ್ರಂಥಗಳೂ ಸ್ಥಳಪುರಾಣಗಳೂ ಹೇಳುತ್ತವೆ. ಆದರೆ ಅವನ ಕಾಲದ ಶಾಸನಗಳಲ್ಲಿ ಕಾಣುವ ಚಿತ್ರ ಇದಕ್ಕಿಂತ ಭಿನ್ನವಾಗಿದೆ. ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ ಅರಸನೇ ಅನಂತರವೂ ಬಸದಿಗಳಿಗೆ ದತ್ತಿ ನೀಡಿದ್ದಾನೆ. ಅವನ ಪಟ್ಟದರಸಿ ಮತ್ತು ದಂಡನಾಯಕರು ಜೈನರಾಗಿಯೇ ಉಳಿದಿದ್ದಾರೆ. ಒಬ್ಬ ಅರಸನ ವೈಯಕ್ತಿಕ ಶ್ರದ್ಧೆಗೂ ಒಂದು ಧರ್ಮದ ಏಳಿಗೆಗೂ ಇರುವ ಸಂಬಂಧವನ್ನು ಕುರಿತ ಚರ್ಚೆಯಲ್ಲಿ ಈ ಪ್ರಸಂಗವನ್ನು ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್‌ನ ಪ್ರಸಂಗದೊಂದಿಗೆ ಹೋಲಿಸಿ ನೋಡಬಹುದು.

ಹಿನ್ನೆಲೆ

ಹೊಯ್ಸಳರು ಮಲೆನಾಡಿನ ಸೊಸೆವೂರಿನಿಂದ (ಇಂದಿನ ಚಿಕ್ಕಮಗಳೂರು ಜಿಲ್ಲೆಯ ಅಂಗಡಿ) ಬಂದವರು. ಮನೆತನದ ಮೂಲಪುರುಷ ಸಳನು ಜೈನ ಮುನಿಯ ಆಜ್ಞೆಯಂತೆ ಹುಲಿಯನ್ನು ಕೊಂದನೆಂಬ ಐತಿಹ್ಯವಿದೆ. ವಿಷ್ಣುವರ್ಧನನ ಅಜ್ಜ ವಿನಯಾದಿತ್ಯನ ಕಾಲದಲ್ಲಿಯೂ ಜೈನ ಗುರುಗಳಿಗೆ ಅರಮನೆಯಲ್ಲಿ ಗೌರವದ ಸ್ಥಾನವಿತ್ತು. ಗಂಗರ ಕಾಲದಿಂದ ಜೈನ ಧರ್ಮವು ದಕ್ಷಿಣ ಕರ್ನಾಟಕದ ಅರಸರು, ಸಾಮಂತರು ಹಾಗೂ ವರ್ತಕರ ಧರ್ಮವಾಗಿ ಬೇರುಬಿಟ್ಟಿದ್ದು, ಶ್ರವಣಬೆಳಗೊಳ ಅದರ ಕೇಂದ್ರವಾಗಿತ್ತು.

11ನೇ ಶತಮಾನದ ಆರಂಭದಲ್ಲಿ ಚೋಳರು ಗಂಗವಾಡಿಯನ್ನು ಗೆದ್ದುಕೊಂಡು ತಲಕಾಡಿಗೆ ರಾಜರಾಜಪುರವೆಂಬ ಹೆಸರಿಟ್ಟರು. ಅವರ ಆಳ್ವಿಕೆಯ ಸುಮಾರು ನೂರು ವರ್ಷಗಳಲ್ಲಿ ಕಾವೇರಿ ತೀರದ ಹಲವು ಊರುಗಳಲ್ಲಿ ತಮಿಳು ಬ್ರಾಹ್ಮಣರ ಅಗ್ರಹಾರಗಳು ಹುಟ್ಟಿಕೊಂಡವು. ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನ ಅಪ್ರಮೇಯ ದೇವಾಲಯ, ಮಳವಳ್ಳಿ ಬಳಿಯ ಮಾರೆಹಳ್ಳಿಯ ನರಸಿಂಹ ದೇವಾಲಯ ಮೊದಲಾದವು ಚೋಳರ ಕಾಲಕ್ಕೆ ಸೇರಿದ ವಿಷ್ಣು ದೇವಾಲಯಗಳು. ವಿಷ್ಣುವರ್ಧನನು ಪಟ್ಟಕ್ಕೆ ಬರುವುದಕ್ಕೆ ಮೊದಲೇ ಈ ಭಾಗದಲ್ಲಿ ವೈಷ್ಣವ ನೆಲೆಗಳಿದ್ದವು ಎಂಬುದನ್ನು ಇವು ತೋರಿಸುತ್ತವೆ.

ವಿಷ್ಣುವರ್ಧನನ ಮೊದಲ ಹೆಸರು ಬಿಟ್ಟಿದೇವ. ಅಣ್ಣ ಒಂದನೆಯ ಬಲ್ಲಾಳನ ನಂತರ ಅವನು ಸುಮಾರು 1108ರಲ್ಲಿ ಪಟ್ಟವೇರಿದನು. ಹೆಸರಿಗೆ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಸಾಮಂತನಾಗಿದ್ದರೂ ಸ್ವತಂತ್ರ ರಾಜ್ಯವನ್ನು ಕಟ್ಟುವುದು ಅವನ ಗುರಿಯಾಗಿತ್ತು. 1116ರ ವೇಳೆಗೆ ಅವನ ದಂಡನಾಯಕ ಗಂಗರಾಜನು ಚೋಳರ ಅಧಿಕಾರಿ ಆದಿಯಮನನ್ನು ಸೋಲಿಸಿ ತಲಕಾಡನ್ನು ವಶಪಡಿಸಿಕೊಂಡನು. ಈ ಗೆಲುವಿನಿಂದ ಅರಸನಿಗೆ ‘ತಲಕಾಡುಗೊಂಡ’ ಎಂಬ ಬಿರುದು ಬಂದಿತು.

ಸಾಂಪ್ರದಾಯಿಕ ಕಥನ

ಶ್ರೀವೈಷ್ಣವ ಸಂಪ್ರದಾಯದ ಪ್ರಕಾರ ಶೈವಪಕ್ಷಪಾತಿಯಾಗಿದ್ದ ಚೋಳ ಅರಸನೊಬ್ಬನ ಕಿರುಕುಳದಿಂದಾಗಿ ರಾಮಾನುಜಾಚಾರ್ಯರು ಶ್ರೀರಂಗವನ್ನು ತೊರೆದು, ಬಿಳಿಯ ವಸ್ತ್ರ ಧರಿಸಿ, ಶಿಷ್ಯರೊಂದಿಗೆ ಕನ್ನಡ ನಾಡಿಗೆ ಬಂದರು. ಈ ಅರಸನನ್ನು ಗ್ರಂಥಗಳು ‘ಕ್ರಿಮಿಕಂಠ ಚೋಳ’ ಎಂದು ಕರೆಯುತ್ತವೆ. ಆಚಾರ್ಯರು ಸಾಲಿಗ್ರಾಮದಲ್ಲಿ ಕೆಲಕಾಲ ತಂಗಿದರು. ಅಲ್ಲಿ ಅವರ ಶಿಷ್ಯರಾದ ವಡುಗನಂಬಿಯವರು (ಆಂಧ್ರಪೂರ್ಣ) ಆ ಪರಂಪರೆಯಲ್ಲಿ ಗುರುಭಕ್ತಿಗೆ ಹೆಸರಾದವರು. ಆಚಾರ್ಯರು ಅನಂತರ ತೊಂಡನೂರಿಗೆ (ಪಾಂಡವಪುರ ತಾಲ್ಲೂಕಿನ ಕೆರೆತೊಣ್ಣೂರು) ಬಂದರು.

ಅರಸನ ಮಗಳಿಗೆ ಪಿಶಾಚಿಯ ಬಾಧೆಯಿತ್ತು, ಜೈನ ಗುರುಗಳಿಂದ ಅದನ್ನು ಬಿಡಿಸಲಾಗಲಿಲ್ಲ, ರಾಮಾನುಜರು ಗುಣಪಡಿಸಿದರು. ಅದರಿಂದ ಪ್ರಸನ್ನನಾದ ಬಿಟ್ಟಿದೇವನು ಅವರ ಶಿಷ್ಯನಾಗಿ ‘ವಿಷ್ಣುವರ್ಧನ’ ಎಂಬ ಹೆಸರನ್ನು ಪಡೆದನು ಎಂಬುದು ಕಥೆಯ ಮುಖ್ಯ ಭಾಗ. ಇದರಿಂದ ಕೆರಳಿದ ಜೈನ ವಿದ್ವಾಂಸರು ಏಕಕಾಲಕ್ಕೆ ವಾದಕ್ಕೆ ನಿಂತಾಗ ಆಚಾರ್ಯರು ತೆರೆಯ ಮರೆಯಲ್ಲಿ ಸಾವಿರ ಹೆಡೆಯ ಆದಿಶೇಷನ ರೂಪ ತಾಳಿ ಎಲ್ಲರಿಗೂ ಉತ್ತರಿಸಿದರೆಂದು ಹೇಳಲಾಗುತ್ತದೆ. ಬಳಿಕ ಅವರು ಮೇಲುಕೋಟೆಯಲ್ಲಿ ತಿರುನಾರಾಯಣನ ಮೂರ್ತಿಯನ್ನು ಪತ್ತೆಮಾಡಿ, ಪೂಜಾವಿಧಿಗಳನ್ನು ಗೊತ್ತುಪಡಿಸಿ, ಅಲ್ಲಿ ಹನ್ನೆರಡು ವರ್ಷ ನೆಲೆಸಿದರೆಂದು ನಂಬಿಕೆ. ದೇವಾಲಯದ ಕಾರ್ಯಕ್ಕೆ ನೆರವಾದ ‘ತಿರುಕ್ಕುಲತ್ತಾರ್’ ಎಂಬ ದಲಿತ ಸಮುದಾಯದವರಿಗೆ ವರ್ಷದಲ್ಲಿ ಮೂರು ದಿನ ದೇವಾಲಯ ಪ್ರವೇಶದ ಹಕ್ಕು ದೊರೆತದ್ದನ್ನೂ ಸಂಪ್ರದಾಯವು ರಾಮಾನುಜರ ಕಾಲಕ್ಕೇ ಒಯ್ಯುತ್ತದೆ.

ತಲಕಾಡಿನ ಕೀರ್ತಿನಾರಾಯಣ, ಬೇಲೂರಿನ ವಿಜಯನಾರಾಯಣ, ಮೇಲುಕೋಟೆಯ ಚೆಲುವನಾರಾಯಣ, ತೊಂಡನೂರಿನ ನಂಬಿನಾರಾಯಣ ಮತ್ತು ಗದಗಿನ ವೀರನಾರಾಯಣ – ಈ ‘ಪಂಚನಾರಾಯಣ’ ಕ್ಷೇತ್ರಗಳನ್ನು ಗುರುವಿನ ಆಣತಿಯಂತೆ ವಿಷ್ಣುವರ್ಧನನೇ ಸ್ಥಾಪಿಸಿದನೆಂದು ಪ್ರತೀತಿ. ಈ ಪಟ್ಟಿ ಎಲ್ಲೆಡೆ ಒಂದೇ ಆಗಿಲ್ಲ. ಕೆಲವೆಡೆ ಗದಗಿನ ಬದಲು ಗುಂಡ್ಲುಪೇಟೆಯ ವಿಜಯನಾರಾಯಣನ ಹೆಸರು ಬರುತ್ತದೆ.

ಕಾಲನಿರ್ಣಯದ ತೊಡಕು

ಸಂಪ್ರದಾಯವು ರಾಮಾನುಜರ ಜೀವಿತಕಾಲವನ್ನು 1017ರಿಂದ 1137 ಎಂದು ಎಣಿಸುತ್ತದೆ. ಮೇಲುಕೋಟೆಯ ಪ್ರತಿಷ್ಠೆ ನಡೆದದ್ದು ಬಹುಧಾನ್ಯ ಸಂವತ್ಸರದಲ್ಲಿ ಎನ್ನಲಾಗಿದ್ದು, ಅದು ಸುಮಾರು 1098–99ಕ್ಕೆ ಸರಿಹೊಂದುತ್ತದೆ. ಆಗ ವಿಷ್ಣುವರ್ಧನ ಇನ್ನೂ ಅರಸನಾಗಿರಲಿಲ್ಲ. ಅವನು ಅಂದು ರಾಜಕುಮಾರನಾಗಿ ಆ ಭಾಗದ ಆಡಳಿತ ನೋಡಿಕೊಳ್ಳುತ್ತಿದ್ದಿರಬಹುದೆಂದು ಕೆಲವರು ಸಮಾಧಾನ ಹೇಳಿದರೆ, ಸಂವತ್ಸರದ ಲೆಕ್ಕವೇ ತಪ್ಪಿರಬಹುದೆಂದು ಇನ್ನು ಕೆಲವರು ಅಭಿಪ್ರಾಯಪಟ್ಟಿದ್ದಾರೆ. ಕ್ರಿಮಿಕಂಠ ಚೋಳನು ಅಧಿರಾಜೇಂದ್ರನೋ, ಒಂದನೆಯ ಕುಲೋತ್ತುಂಗನೋ, ಎರಡನೆಯ ಕುಲೋತ್ತುಂಗನೋ ಎಂಬುದರಲ್ಲಿಯೂ ಒಮ್ಮತವಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ವಿಷ್ಣುವರ್ಧನನ ಸಮಕಾಲೀನ ಶಾಸನಗಳು ರಾಮಾನುಜರನ್ನು ಅವನ ಗುರುವೆಂದು ಹೆಸರಿಸುವುದಿಲ್ಲ. ಜೈನ ಗುರುಗಳ ಹೆಸರುಗಳನ್ನು ಪರಂಪರೆ ಸಹಿತ ವಿವರವಾಗಿ ಕೊಡುವುದು ಆ ಕಾಲದ ಶಾಸನಗಳ ರೂಢಿಯಾಗಿದ್ದುದರಿಂದ ಈ ಮೌನವನ್ನು ಇತಿಹಾಸಕಾರರು ಗಂಭೀರವಾಗಿ ಪರಿಗಣಿಸಿದ್ದಾರೆ. ರಾಮಾನುಜರು ಕರ್ನಾಟಕದಲ್ಲಿ ನೆಲೆಸಿದ್ದುದನ್ನು ಇದು ಅಲ್ಲಗಳೆಯುವುದಿಲ್ಲ. ತೊಂಡನೂರು, ಮೇಲುಕೋಟೆ, ಸಾಲಿಗ್ರಾಮಗಳ ಸ್ಥಳೀಯ ಪರಂಪರೆ ಪರಸ್ಪರ ಹೊಂದುವಂತಿದೆ. ಮೌನವಿರುವುದು ಅರಸನ ಮತಾಂತರದ ವಿಷಯದಲ್ಲಿ.

ಹೆಸರಿನ ಪ್ರಶ್ನೆ

ಬಿಟ್ಟಿದೇವನು ವಿಷ್ಣುವರ್ಧನನಾದದ್ದೇ ಮತಾಂತರಕ್ಕೆ ಆಧಾರವೆಂಬ ವಾದ ಸಾಮಾನ್ಯವಾಗಿದೆ. ಆದರೆ ‘ಬಿಟ್ಟಿ’ ಎಂಬುದು ‘ವಿಷ್ಣು’ ಶಬ್ದದ ತದ್ಭವವೇ. ಆದುದರಿಂದ ಹುಟ್ಟುಹೆಸರಿನಲ್ಲಿಯೇ ವಿಷ್ಣುವಿದ್ದಾನೆ. ಅಲ್ಲದೆ ವಿಷ್ಣುವರ್ಧನ ಎಂಬುದು ವೇಂಗಿಯ ಪೂರ್ವ ಚಾಲುಕ್ಯರಲ್ಲಿ ಕುಬ್ಜ ವಿಷ್ಣುವರ್ಧನನಿಂದ ಮೊದಲ್ಗೊಂಡು ಹಲವು ಅರಸರು ಧರಿಸಿದ್ದ ರಾಜನಾಮ. ಸ್ವತಂತ್ರನಾಗಲು ಹವಣಿಸುತ್ತಿದ್ದ ಸಾಮಂತನೊಬ್ಬನು ಇಂಥ ಘನವಾದ ಹೆಸರನ್ನು ಬಳಸಿದ್ದರಲ್ಲಿ ರಾಜಕೀಯ ಉದ್ದೇಶವೂ ಇರಬಹುದು.

ಶಾಸನಗಳ ಸಾಕ್ಷ್ಯ

ವೈಷ್ಣವ ನಿರ್ಮಾಣಗಳು

ಬೇಲೂರಿನ ವಿಜಯನಾರಾಯಣ (ಚೆನ್ನಕೇಶವ) ದೇವಾಲಯದ ಪ್ರತಿಷ್ಠೆ ನಡೆದದ್ದು 1117ರಲ್ಲಿ. ಹೊಯ್ಸಳ ವಾಸ್ತುಶೈಲಿಯ ಮೊದಲ ಮಹತ್ಕೃತಿ ಎನಿಸಿದ ಈ ದೇವಾಲಯದ ನಿರ್ಮಾಣಕ್ಕೆ ಮತಾಂತರವೇ ಕಾರಣವೆಂದು ಕೆಲವರು, ತಲಕಾಡಿನ ವಿಜಯವೆಂದು ಕೆಲವರು, ಚಾಲುಕ್ಯರ ಎದುರು ಸ್ವಾತಂತ್ರ್ಯದ ಘೋಷಣೆಯೆಂದು ಇನ್ನು ಕೆಲವರು ವಾದಿಸಿದ್ದಾರೆ. ‘ವಿಜಯನಾರಾಯಣ’ ಎಂಬ ದೇವರ ಹೆಸರು ಎರಡನೆಯ ಅಭಿಪ್ರಾಯಕ್ಕೆ ಬಲ ಕೊಡುತ್ತದೆ. ತಲಕಾಡಿನ ಕೀರ್ತಿನಾರಾಯಣ ದೇವಾಲಯವೂ ಅದೇ ಗೆಲುವಿನ ಸ್ಮಾರಕ. ಕಾರಣ ಯಾವುದೇ ಇರಲಿ, ಹೊಯ್ಸಳ ಅರಸನೊಬ್ಬನು ತನ್ನ ವೈಭವದ ಕುರುಹಾಗಿ ವಿಷ್ಣುವಿನ ದೇವಾಲಯವನ್ನು ಆರಿಸಿಕೊಂಡದ್ದು ಹೊಸ ಬೆಳವಣಿಗೆಯೇ ಆಗಿತ್ತು.

ಜೈನ ದತ್ತಿಗಳು

ಬೇಲೂರಿನ ಪ್ರತಿಷ್ಠೆಯ ವರ್ಷದಲ್ಲಿಯೇ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು ಇಂದಿನ ಚಾಮರಾಜನಗರದಲ್ಲಿ ಬಸದಿಯೊಂದನ್ನು ಕಟ್ಟಿಸಿದನು. ಗಂಗರಾಜನು ಶ್ರವಣಬೆಳಗೊಳದ ಗೊಮ್ಮಟನ ಸುತ್ತಾಲಯವನ್ನು ಕಟ್ಟಿಸಿದವನು. ಅರಸನು ಮೆಚ್ಚಿ ವರವನ್ನು ಬೇಡೆಂದಾಗ ಅವನು ಪರಮ ಎಂಬ ಗ್ರಾಮವನ್ನು ಕೇಳಿ ಪಡೆದು, ತನ್ನ ತಾಯಿ ಪೋಚಲದೇವಿಯೂ ಹೆಂಡತಿ ಲಕ್ಷ್ಮೀದೇವಿಯೂ ಕಟ್ಟಿಸಿದ ಬಸದಿಗಳಿಗೆ ಅದನ್ನು ಬಿಟ್ಟುಕೊಟ್ಟನೆಂದು ಬೆಳಗೊಳದ ಶಾಸನ ಹೇಳುತ್ತದೆ. ಚೋಳರ ಕಾಲದಲ್ಲಿ ಹಾಳಾಗಿದ್ದ ಗಂಗವಾಡಿಯ ಬಸದಿಗಳನ್ನು ಜೀರ್ಣೋದ್ಧಾರ ಮಾಡಿದ ಕೀರ್ತಿಯೂ ಅವನದು.

ಪಟ್ಟಮಹಾದೇವಿ ಶಾಂತಲೆಯು ಜೈನ ಮುನಿ ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆ. ಅವಳು 1123ರಲ್ಲಿ ಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥನನ್ನು ಪ್ರತಿಷ್ಠಾಪಿಸಿದಳು. ಬೇಲೂರಿನ ದೇವಾಲಯದ ಆವರಣದಲ್ಲಿರುವ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳೂ ಅವಳೇ. ಅವಳ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಶಾಂತಲೆಯು 1131ರಲ್ಲಿ ಬೆಂಗಳೂರಿನ ವಾಯವ್ಯಕ್ಕಿರುವ ಶಿವಗಂಗೆಯಲ್ಲಿ ಮರಣಹೊಂದಿದಳು. ಆ ದುಃಖದಲ್ಲಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದಳು.

ಅರಸನ ಸ್ವಂತ ಶ್ರದ್ಧೆಗೆ ಸಂಬಂಧಿಸಿದಂತೆ ಹೆಚ್ಚು ಮಹತ್ವದ್ದೆಂದರೆ ಹಳೇಬೀಡಿನ ಪಾರ್ಶ್ವನಾಥ ಬಸದಿಯ 1133ರ ಶಾಸನ. ಗಂಗರಾಜನ ಮರಣಾನಂತರ ಅವನ ಸ್ಮರಣೆಗಾಗಿ ಮಗ ಬೊಪ್ಪನು ರಾಜಧಾನಿಯ ನಡುವೆ ಈ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಕೊಂಡೊಯ್ದಾಗ ಅವನು ಎದ್ದು ನಿಂತು ಭಕ್ತಿಯಿಂದ ಸ್ವೀಕರಿಸಿದನು. ಯುದ್ಧದ ಗೆಲುವು ಮತ್ತು ಪುತ್ರೋತ್ಸವ ಎರಡೂ ಆ ಸಮಯಕ್ಕೆ ಕೂಡಿಬಂದುದರಿಂದ ದೇವರಿಗೆ ‘ವಿಜಯಪಾರ್ಶ್ವ’ ಎಂದೂ ಮಗನಿಗೆ ‘ವಿಜಯನರಸಿಂಹ’ ಎಂದೂ ಹೆಸರಿಟ್ಟನು. ಇದು ಬೇಲೂರಿನ ಪ್ರತಿಷ್ಠೆಯಾಗಿ ಹದಿನಾರು ವರ್ಷಗಳ ಬಳಿಕ ನಡೆದ ಘಟನೆ. ಒಂದೇ ‘ವಿಜಯ’ ಪದವು ಬೇಲೂರಿನಲ್ಲಿ ನಾರಾಯಣನಿಗೂ ಹಳೇಬೀಡಿನಲ್ಲಿ ಪಾರ್ಶ್ವನಾಥನಿಗೂ ಸಂದಿದೆ.

ಶೈವ ನಿರ್ಮಾಣಗಳು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವು ಶಿವನಿಗೆ ಮೀಸಲಾದದ್ದು. ಅಧಿಕಾರಿ ಕೇತಮಲ್ಲನು ಸುಮಾರು 1121ರಲ್ಲಿ ಇದರ ನಿರ್ಮಾಣಕ್ಕೆ ಕಾರಣನಾದನು. ಇಲ್ಲಿನ ಎರಡು ಗರ್ಭಗುಡಿಗಳ ಲಿಂಗಗಳಿಗೆ ಅರಸ ಮತ್ತು ಅರಸಿಯ ಹೆಸರಿನಲ್ಲಿ ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಹೆಸರುಗಳಿವೆ. ವಿಷ್ಣುಭಕ್ತನೆಂದು ಹೆಸರಾದ ಅರಸ ಮತ್ತು ಜೈನ ರಾಣಿಯ ಹೆಸರನ್ನು ಶಿವಲಿಂಗಗಳಿಗೆ ಇಟ್ಟಿರುವುದು ಆ ಕಾಲದ ಧಾರ್ಮಿಕ ವಾತಾವರಣವನ್ನು ಅರಿಯಲು ಸಹಾಯಕವಾಗಿದೆ.

ಬಿರುದುಗಳು ಮತ್ತು ನಾಣ್ಯಗಳು

ಹೊಯ್ಸಳರ ಪ್ರಶಸ್ತಿಯಲ್ಲಿ ‘ಸಮ್ಯಕ್ತ್ವಚೂಡಾಮಣಿ’ ಎಂಬ ಬಿರುದು ನಿಯತವಾಗಿ ಬರುತ್ತದೆ. ಸಮ್ಯಕ್ತ್ವ ಎಂಬುದು ಜೈನ ದರ್ಶನದ ಪಾರಿಭಾಷಿಕ ಪದ. ವಿಷ್ಣು ದೇವಾಲಯಗಳು ತಲೆಯೆತ್ತಿದ ಮೇಲೂ ಈ ಬಿರುದನ್ನು ಕೈಬಿಡಲಿಲ್ಲ. ವಿಷ್ಣುವರ್ಧನನ ನಾಣ್ಯಗಳ ಮೇಲಿನ ಕನ್ನಡ ಬರಹ ‘ಶ್ರೀ ತಲಕಾಡುಗೊಂಡ’, ‘ಶ್ರೀ ನೊಳಂಬವಾಡಿಗೊಂಡ’ ಎಂದಿದೆ. ಅಲ್ಲಿ ಸಾರಿರುವುದು ಗೆದ್ದ ನಾಡುಗಳ ಹೆಸರನ್ನು, ಮತವನ್ನಲ್ಲ.

ಜೈನರ ಮೇಲಿನ ಹಿಂಸೆಯ ಆರೋಪ

ವಾದದಲ್ಲಿ ಸೋತ ಜೈನರನ್ನು ಅರಸನು ಗಾಣಕ್ಕೆ ಹಾಕಿ ಅರೆಸಿದನು, ನೂರಾರು ಬಸದಿಗಳನ್ನು ಕೆಡವಿಸಿದನು ಎಂಬ ಕಥೆಗಳಿವೆ. ವಿಶೇಷವೆಂದರೆ ಇವು ಎರಡೂ ಪಕ್ಷಗಳ ಕಥನಗಳಲ್ಲಿ ಕಾಣಸಿಗುತ್ತವೆ. ಒಂದು ಕಡೆ ಇವು ಗುರುವಿನ ವಿಜಯದ ವರ್ಣನೆಯಾದರೆ, ಇನ್ನೊಂದು ಕಡೆ ಧರ್ಮದ್ರೋಹಕ್ಕೆ ಭೂಮಿಯೇ ಬಾಯ್ದೆರೆಯಿತೆಂಬ ಶಾಪದ ಕಥೆಯಾಗಿವೆ. ಎರಡೂ ಘಟನೆಗಿಂತ ಬಹಳ ತಡವಾಗಿ ಬರಹಕ್ಕೆ ಇಳಿದವು.

ಸಮಕಾಲೀನ ಶಾಸನಗಳಲ್ಲಿ ಇಂಥ ಹಿಂಸೆಗೆ ಆಧಾರ ದೊರೆಯುವುದಿಲ್ಲ. ರಾಜ್ಯದ ಸೇನೆ ಜೈನ ದಂಡನಾಯಕರ ಕೈಯಲ್ಲಿತ್ತು, ರಾಜಧಾನಿಯಲ್ಲಿಯೇ ಬಸದಿಗಳು ಕಟ್ಟಲ್ಪಡುತ್ತಿದ್ದವು. ಹಳೇಬೀಡಿನ ಬಸದಿಹಳ್ಳಿಯಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳು ಇಂದಿಗೂ ಇವೆ. ಈ ಕಥೆಗಳನ್ನು ಇತಿಹಾಸವೆಂದು ಉಲ್ಲೇಖಿಸುವುದು ಅರಸನಿಗೂ ಆಚಾರ್ಯರಿಗೂ ಜೈನ ಸಮುದಾಯಕ್ಕೂ ನ್ಯಾಯ ಒದಗಿಸಿದಂತಾಗುವುದಿಲ್ಲ. ಆದರೆ ಮುಂದಿನ ಶತಮಾನಗಳಲ್ಲಿ ಎರಡು ಸಮುದಾಯಗಳ ನಡುವೆ ಉಂಟಾದ ಘರ್ಷಣೆಯ ನೆನಪು ಹಿಂದಿನ ಕಾಲಕ್ಕೆ ಆರೋಪಿತವಾಗಿರುವುದು ಸಾಧ್ಯ.

ಶ್ರೀವೈಷ್ಣವದ ಬೆಳವಣಿಗೆಗೆ ಕಾರಣಗಳು

ಅರಸನ ದೀಕ್ಷೆಯೊಂದರಿಂದಲೇ ಶ್ರೀವೈಷ್ಣವ ಧರ್ಮ ಬೆಳೆಯಿತೆನ್ನಲು ಸಾಧ್ಯವಿಲ್ಲದಿದ್ದರೂ ವಿಷ್ಣುವರ್ಧನನ ಪಾತ್ರ ಸಣ್ಣದಲ್ಲ. ಮೊದಲನೆಯದಾಗಿ, ಚೋಳರಿಂದ ಕಾವೇರಿ ಪ್ರದೇಶವನ್ನು ಗೆದ್ದುದರಿಂದ ಅಲ್ಲಿನ ತಮಿಳು ವೈಷ್ಣವ ಅಗ್ರಹಾರಗಳು ಹೊಯ್ಸಳ ರಾಜ್ಯದೊಳಕ್ಕೆ ಬಂದವು. ಅವುಗಳ ವಿಶ್ವಾಸ ಗಳಿಸುವುದು ಹೊಸ ಒಡೆಯನಿಗೆ ಅಗತ್ಯವಾಗಿತ್ತು. ತೊಂಡನೂರು ‘ಯಾದವನಾರಾಯಣ ಚತುರ್ವೇದಿಮಂಗಲ’ ಎಂಬ ಹೆಸರಿನ ಅಗ್ರಹಾರವಾಯಿತು. ಯಾದವ ಎಂಬುದು ಹೊಯ್ಸಳರು ಹೇಳಿಕೊಳ್ಳುತ್ತಿದ್ದ ವಂಶದ ಹೆಸರು. ಕೃಷ್ಣನ ಯದುಕುಲಕ್ಕೆ ಸೇರಿದವರೆಂದು ಹೇಳಿಕೊಂಡ ಮನೆತನಕ್ಕೆ ವಿಷ್ಣುಭಕ್ತಿ ಸಹಜವಾಗಿಯೇ ಒಗ್ಗುತ್ತಿತ್ತು.

ಎರಡನೆಯದಾಗಿ, ಬೇಲೂರಿನಂಥ ದೇವಾಲಯಗಳಿಗೆ ಬಿಟ್ಟ ಭೂದತ್ತಿಗಳಿಂದ ಅರ್ಚಕರು, ವಿದ್ವಾಂಸರು, ಪರಿಚಾರಕರು ತಲೆಮಾರುಗಳವರೆಗೆ ಒಂದೆಡೆ ನೆಲೆನಿಲ್ಲುವಂತಾಯಿತು. ಮೂರನೆಯದಾಗಿ, ಮೇಲುಕೋಟೆಯಲ್ಲಿ ರೂಪುಗೊಂಡ ಪೂಜಾಕ್ರಮ, ಯತಿರಾಜ ಮಠ ಮತ್ತು ಸೇವಾವ್ಯವಸ್ಥೆಗಳು ಅರಸರ ಬದಲಾವಣೆಗೆ ಜಗ್ಗದಷ್ಟು ಗಟ್ಟಿಯಾಗಿದ್ದವು. ಹೆಬ್ಬಾರ್ ಅಯ್ಯಂಗಾರ್ ಮತ್ತು ಮಂಡ್ಯಂ ಅಯ್ಯಂಗಾರ್ ಸಮುದಾಯಗಳು ತಮ್ಮ ಮೂಲವನ್ನು ಈ ಕಾಲದ ನೆಲೆಗಳೊಂದಿಗೆ ಜೋಡಿಸಿಕೊಳ್ಳುತ್ತವೆ.

ನಂತರದ ಕಾಲ

ವಿಷ್ಣುವರ್ಧನನ ಮಗ ಒಂದನೆಯ ನರಸಿಂಹನ ಕಾಲದಲ್ಲಿ ಭಂಡಾರಿ ಹುಳ್ಳನು 1159ರಲ್ಲಿ ಶ್ರವಣಬೆಳಗೊಳದಲ್ಲಿ ಭಂಡಾರಿ ಬಸದಿಯನ್ನು ಕಟ್ಟಿಸಿದನು. ಅರಸನು ಅಲ್ಲಿಗೆ ಭೇಟಿಯಿತ್ತು, ಅದಕ್ಕೆ ‘ಭವ್ಯಚೂಡಾಮಣಿ’ ಎಂದು ಹೆಸರಿಟ್ಟು ಸವಣೇರು ಗ್ರಾಮವನ್ನು ದತ್ತಿಯಾಗಿ ನೀಡಿದನು. ಎರಡನೆಯ ಬಲ್ಲಾಳನ ಮಂತ್ರಿ ಚಂದ್ರಮೌಳಿ ಶೈವ ಬ್ರಾಹ್ಮಣ; ಅವನ ಹೆಂಡತಿ ಆಚಿಯಕ್ಕ 1181ರಲ್ಲಿ ಬೆಳಗೊಳದ ಅಕ್ಕನ ಬಸದಿಯನ್ನು ಕಟ್ಟಿಸಿದಳು. ಇನ್ನೊಂದೆಡೆ ವಿಷ್ಣು ದೇವಾಲಯಗಳ ಸಂಖ್ಯೆಯೂ ಬೆಳೆಯುತ್ತಲೇ ಹೋಗಿ, ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಆ ಪರಂಪರೆ ತುತ್ತತುದಿ ಮುಟ್ಟಿತು.

ಶ್ರೀವೈಷ್ಣವರ ಪ್ರಾಬಲ್ಯವು ಸ್ಪಷ್ಟವಾಗಿ ಕಾಣುವುದು ವಿಜಯನಗರದ ಒಂದನೆಯ ಬುಕ್ಕರಾಯನ 1368ರ ಶಾಸನದಲ್ಲಿ. ಇದರ ಪ್ರತಿಗಳು ಶ್ರವಣಬೆಳಗೊಳದಲ್ಲಿಯೂ ಬೆಂಗಳೂರಿನ ಪಶ್ಚಿಮಕ್ಕಿರುವ ಮಾಗಡಿ ತಾಲ್ಲೂಕಿನ ಕಲ್ಯ ಗ್ರಾಮದಲ್ಲಿಯೂ ಇವೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಊರುಗಳ ಜೈನರು ವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿಕೊಂಡರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೆ ಭೇದವಿಲ್ಲವೆಂದು ತೀರ್ಪಿತ್ತನು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೂ ಸಲ್ಲುವುದೆಂದು ಸ್ಥಿರಪಡಿಸಿದನು. ಜೈನರ ಮನೆಗಳಿಂದ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ, ಅದರಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಮಂದಿಯನ್ನು ನೇಮಿಸುವ, ಉಳಿದುದರಿಂದ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ, ಅಂದರೆ ವೈಷ್ಣವನೊಬ್ಬನಿಗೆ, ವಹಿಸಲಾಯಿತು.

ಈ ಒಪ್ಪಂದಕ್ಕೆ ಸಾಕ್ಷಿಯಾದ ಆಚಾರ್ಯರ ಕ್ಷೇತ್ರಗಳಲ್ಲಿ ಶ್ರೀರಂಗ, ತಿರುಮಲೆ, ಕಂಚಿಗಳೊಂದಿಗೆ ತಿರುನಾರಾಯಣಪುರವೂ (ಮೇಲುಕೋಟೆ) ಇದೆ. ಸುಮಾರು ಎರಡೂವರೆ ಶತಮಾನಗಳಲ್ಲಿ ಮೇಲುಕೋಟೆಯು ಶ್ರೀವೈಷ್ಣವರ ಪ್ರಧಾನ ಕ್ಷೇತ್ರಗಳ ಸಾಲಿಗೆ ಸೇರಿತ್ತು. ರಾಜಾಶ್ರಯದಲ್ಲಿದ್ದ ಜೈನರು ರಕ್ಷಣೆ ಬೇಡುವ ಸ್ಥಿತಿಗೆ ಬಂದಿದ್ದರು.

ಕಾನ್‌ಸ್ಟಂಟೈನ್ ಪ್ರಸಂಗದೊಂದಿಗೆ ಹೋಲಿಕೆ

ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ 312ರಲ್ಲಿ ಮಿಲ್ವಿಯನ್ ಸೇತುವೆಯ ಯುದ್ಧಕ್ಕೆ ಮೊದಲು ಆಕಾಶದಲ್ಲಿ ಶಿಲುಬೆಯ ಚಿಹ್ನೆಯನ್ನು ಕಂಡನೆಂದು ಬಿಷಪ್ ಯೂಸೇಬಿಯಸ್ ಬರೆದಿದ್ದಾನೆ. 313ರಲ್ಲಿ ಮಿಲಾನ್‌ನಲ್ಲಿ ಸಹ ಚಕ್ರವರ್ತಿ ಲಿಸಿನಿಯಸ್‌ನೊಂದಿಗೆ ಆದ ಒಪ್ಪಂದದಿಂದ ಕ್ರೈಸ್ತರಿಗೆ ಪೂಜಾಸ್ವಾತಂತ್ರ್ಯ ದೊರೆಯಿತು. 325ರಲ್ಲಿ ಅವನು ನಿಕೇಯದಲ್ಲಿ ಬಿಷಪರ ಮಹಾಸಭೆಯನ್ನು ಕರೆದನು. ಹೀಗಿದ್ದರೂ ಯುದ್ಧದ ಬಳಿಕ ಹಲವು ವರ್ಷ ಅವನ ನಾಣ್ಯಗಳಲ್ಲಿ ಸೂರ್ಯದೇವನ ಚಿತ್ರ ಮುಂದುವರಿಯಿತು. ಅವನು ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಮರಣಕ್ಕೆ ಸ್ವಲ್ಪ ಮೊದಲು. ಕ್ರೈಸ್ತ ಧರ್ಮವು ಸಾಮ್ರಾಜ್ಯದ ಅಧಿಕೃತ ಧರ್ಮವಾದದ್ದು 380ರಲ್ಲಿ, ಥಿಯೊಡೋಸಿಯಸ್‌ನ ಆಜ್ಞೆಯಿಂದ.

ಯುದ್ಧದ ಗೆಲುವಿಗೂ ದೇವರ ಆಯ್ಕೆಗೂ ನಂಟು, ಹಳೆಯ ಮತ್ತು ಹೊಸ ಸಂಕೇತಗಳು ಜೊತೆಜೊತೆಗೆ ಇರುವುದು, ಧರ್ಮಗ್ರಂಥಗಳ ಕಥನವು ಶಾಸನ–ನಾಣ್ಯಗಳಿಗಿಂತ ಸ್ಪಷ್ಟವೂ ಸರಳವೂ ಆಗಿರುವುದು – ಇವು ಎರಡೂ ಪ್ರಸಂಗಗಳಿಗೆ ಸಮಾನ. ಭೇದವೂ ದೊಡ್ಡದೇ. ಕಾನ್‌ಸ್ಟಂಟೈನ್‌ನ ಒಲವಿಗೆ ಅವನ ಕಾನೂನುಗಳು, ಪತ್ರಗಳು ಸಮಕಾಲೀನ ಸಾಕ್ಷ್ಯವಾಗಿವೆ; ಚರ್ಚಿನ ಆಂತರಿಕ ವಿವಾದಗಳಲ್ಲಿಯೂ ಅವನು ನೇರವಾಗಿ ಕೈಹಾಕಿದನು. ವಿಷ್ಣುವರ್ಧನನು ಯಾವ ಮತದ ಸಿದ್ಧಾಂತದಲ್ಲಿಯೂ ಮಧ್ಯೆ ಪ್ರವೇಶಿಸಿದ ದಾಖಲೆಯಿಲ್ಲ. ಅನೇಕ ದೇವರುಗಳಿಗೆ ಏಕಕಾಲದಲ್ಲಿ ದತ್ತಿ ಕೊಡುವುದು ದಕ್ಷಿಣ ಭಾರತದ ಅರಸರ ಕರ್ತವ್ಯವೇ ಆಗಿತ್ತು. ಹೀಗಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು ಎಂಬರ್ಥದ ‘ಮತಾಂತರ’ ಎಂಬ ಪದವೇ ಈ ಸಂದರ್ಭಕ್ಕೆ ಪೂರ್ಣವಾಗಿ ಹೊಂದುವುದಿಲ್ಲ.

ಸಾಹಿತ್ಯದಲ್ಲಿ

ವಿಷ್ಣುವರ್ಧನ–ಶಾಂತಲೆಯರ ಕಾಲವು ಆಧುನಿಕ ಕನ್ನಡ ಸಾಹಿತ್ಯಕ್ಕೆ ಪ್ರಿಯವಾದ ವಸ್ತು. ಕೆ. ವಿ. ಅಯ್ಯರ್ ಅವರ ‘ಶಾಂತಲಾ’ ಮತ್ತು ಸಿ. ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಈ ಕುರಿತ ಪ್ರಸಿದ್ಧ ಕಾದಂಬರಿಗಳು. ಎರಡನೆಯದಕ್ಕೆ ಮೂರ್ತಿದೇವಿ ಪ್ರಶಸ್ತಿ ಸಂದಿದೆ. ಅರಸ ಮತ್ತು ಅರಸಿಯ ಭಿನ್ನ ಶ್ರದ್ಧೆಗಳು ಒಂದೇ ಮನೆಯಲ್ಲಿ ಬಾಳಿದ ರೀತಿಯನ್ನು ಜನಸಾಮಾನ್ಯರಿಗೆ ಪರಿಚಯಿಸಿದ್ದು ಬಹುಮಟ್ಟಿಗೆ ಇಂಥ ಕೃತಿಗಳೇ.

ಇವನ್ನೂ ನೋಡಿ

ಹೊಯ್ಸಳ ಸಾಮ್ರಾಜ್ಯ
ರಾಮಾನುಜಾಚಾರ್ಯರು
ಶಾಂತಲಾದೇವಿ
ಗಂಗರಾಜ
ಮೇಲುಕೋಟೆ
ಕೆರೆತೊಣ್ಣೂರು
ಶ್ರವಣಬೆಳಗೊಳ